ಸವಕಳಿಯೇ ಸಾಕ್ಷಿಯಾದ ಬಗೆ: ಪ್ರಾಚೀನ ಡಿಎನ್‌ಎ ಓದಿನ ಚರಿತ್ರೆ

ಚರಿತ್ರೆಯನ್ನು ಕಟ್ಟಲು ದೊರೆಯುವ ಆಕರಗಳಲ್ಲಿ ಪೂರ್ಣರೂಪದಲ್ಲಿ ಉಳಿದುಬಂದವು ವಿರಳ. ಶಾಸನದ ಕಲ್ಲು ಒಡೆದಿರುತ್ತದೆ, ಓಲೆಗರಿಯ ಅಂಚನ್ನು ಹುಳು ತಿಂದಿರುತ್ತದೆ, ನಾಣ್ಯದ ಮೇಲಿನ ಮುದ್ರೆ ಸವೆದಿರುತ್ತದೆ. ಶಾಸನತಜ್ಞರೂ ಗ್ರಂಥಸಂಪಾದಕರೂ ಈ ನಷ್ಟದೊಡನೆಯೇ ಕೆಲಸ ಮಾಡುವುದನ್ನು ರೂಢಿಸಿಕೊಂಡವರು. ಹಲವು ಪ್ರತಿಗಳನ್ನು ಎದುರಿಗಿಟ್ಟುಕೊಂಡು, ಒಂದರ ಲೋಪವನ್ನು ಇನ್ನೊಂದರಿಂದ ತುಂಬಿ, ಲಿಪಿಕಾರನ ಕೈತಪ್ಪು ಯಾವುದು, ಮೂಲದ ಪಾಠ ಯಾವುದು ಎಂದು ವಿವೇಚಿಸುವುದು ಅವರ ಮಾರ್ಗ. ಕಳೆದ ನಾಲ್ಕು ದಶಕಗಳಲ್ಲಿ ಚರಿತ್ರೆಯ ಆಕರಗಳ ಸಾಲಿಗೆ ಮತ್ತೊಂದು ಬಗೆಯ ಜೀರ್ಣ ಬರಹ ಸೇರಿಕೊಂಡಿದೆ. ಅದು ಮೂಳೆ, ಹಲ್ಲು, ಚರ್ಮಗಳ ಒಳಗೆ ಉಳಿದ ಡಿಎನ್‌ಎ. ಇದನ್ನು ಬರೆದ ಲಿಪಿಕಾರನಿಲ್ಲ, ಇದಕ್ಕೆ ಇರುವುದು ನಾಲ್ಕೇ ಅಕ್ಷರ. ಆದರೂ ಇದನ್ನು ಓದುವವರಿಗೆ ಎದುರಾದ ಸಮಸ್ಯೆಗಳು ಗ್ರಂಥಸಂಪಾದಕರಿಗೆ ಅಪರಿಚಿತವಲ್ಲ. ಇರುವ ತುಣುಕು ಎಷ್ಟು ಹಳೆಯದು? ನಡುವೆ ಸೇರಿದ ಪ್ರಕ್ಷೇಪ ಯಾವುದು? ಓದುತ್ತಿರುವ ಪಾಠ ಮೂಲದ್ದೋ, ಓದುಗನದ್ದೇ ನೆರಳೋ?

ಈ ವಿದ್ಯೆಯ ಚರಿತ್ರೆಯಲ್ಲಿ ಗಮನಿಸಬೇಕಾದ ಮುಖ್ಯ ಸಂಗತಿ ಒಂದಿದೆ. ಸವಕಳಿಯನ್ನು ಕೇವಲ ಅಡ್ಡಿ ಎಂದು ಭಾವಿಸಿದ್ದ ಕಾಲದಲ್ಲಿ ಸಂಶೋಧಕರು ಮತ್ತೆ ಮತ್ತೆ ಮೋಸಹೋದರು. ಸವಕಳಿಯ ಸ್ವರೂಪವನ್ನೇ ಅರಿತು, ಅದನ್ನು ಪ್ರಾಚೀನತೆಯ ಸಾಕ್ಷಿಯಾಗಿ ಕರೆದ ಮೇಲೆ ಈ ವಿದ್ಯೆಗೆ ಭದ್ರವಾದ ನೆಲೆ ದೊರೆಯಿತು.

ಜೀವ ಹೋದ ಮೇಲೆ

ಜೀವಕೋಶದಲ್ಲಿರುವ ಡಿಎನ್‌ಎ ಅಡೆನಿನ್, ಗ್ವಾನಿನ್, ಸೈಟೊಸಿನ್, ಥೈಮಿನ್ ಎಂಬ ನಾಲ್ಕು ಘಟಕಗಳ ಸರಣಿ. ಎರಡು ಎಳೆಗಳು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಒಂದು ಎಳೆಯ ಅಡೆನಿನ್ ಎದುರಿಗೆ ಇನ್ನೊಂದರಲ್ಲಿ ಥೈಮಿನ್, ಗ್ವಾನಿನ್ ಎದುರಿಗೆ ಸೈಟೊಸಿನ್. ಮನುಷ್ಯನ ಜೀನೋಮಿನಲ್ಲಿ ಇಂಥ ಸುಮಾರು 300 ಕೋಟಿ ಅಕ್ಷರಗಳಿವೆ. ಈ ಸರಣಿ ತಾನಾಗಿ ಸ್ಥಿರವಾದುದಲ್ಲ. ಜೀವಂತ ಕೋಶದಲ್ಲಿ ಅದಕ್ಕೆ ನಿತ್ಯವೂ ಹಾನಿ ಸಂಭವಿಸುತ್ತಲೇ ಇರುತ್ತದೆ, ದುರಸ್ತಿ ಮಾಡುವ ಕಿಣ್ವಗಳು ನಿತ್ಯವೂ ಅದನ್ನು ಸರಿಪಡಿಸುತ್ತಲೇ ಇರುತ್ತವೆ. ಈ ದುರಸ್ತಿಯ ಕ್ರಮವನ್ನು ಬಿಡಿಸಿ ತೋರಿಸಿದವರಲ್ಲಿ ಒಬ್ಬರಾದ ಸ್ವೀಡನ್ ಮೂಲದ ತೋಮಸ್ ಲಿಂಡಾಲ್ ಅವರಿಗೆ 2015ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದಿತು.

ಜೀವ ಹೋದೊಡನೆ ಈ ದುರಸ್ತಿ ನಿಲ್ಲುತ್ತದೆ, ಹಾನಿ ಮಾತ್ರ ಮುಂದುವರಿಯುತ್ತದೆ. ಮೊದಲು ದೇಹದೊಳಗಿನ ಕಿಣ್ವಗಳೂ ಮಣ್ಣಿನ ಸೂಕ್ಷ್ಮಜೀವಿಗಳೂ ಡಿಎನ್‌ಎಯನ್ನು ಕತ್ತರಿಸುತ್ತವೆ. ಅದರಿಂದ ಪಾರಾದ ಭಾಗವನ್ನು ನೀರು ನಿಧಾನವಾಗಿ ಕರಗಿಸುತ್ತದೆ. ಅಡೆನಿನ್, ಗ್ವಾನಿನ್‌ಗಳು ಸರಣಿಯಿಂದ ಕಳಚಿ ಬೀಳುತ್ತವೆ, ಅವು ಕಳಚಿದ ಜಾಗದಲ್ಲಿ ಎಳೆ ತುಂಡಾಗುತ್ತದೆ. ಕೋಟಿಗಟ್ಟಲೆ ಅಕ್ಷರಗಳ ಉದ್ದದ ಎಳೆ ಕೊನೆಗೆ ಬಹುತೇಕ ನೂರು ಅಕ್ಷರಕ್ಕಿಂತ ಚಿಕ್ಕದಾದ ಚೂರುಗಳಾಗುತ್ತದೆ. ಜೊತೆಗೆ ಇನ್ನೊಂದು ಬದಲಾವಣೆಯೂ ನಡೆಯುತ್ತದೆ. ಸೈಟೊಸಿನ್ ಎಂಬ ಅಕ್ಷರ ನೀರಿನ ಸಂಪರ್ಕದಲ್ಲಿ ತನ್ನ ಒಂದು ಅಂಶವನ್ನು ಕಳೆದುಕೊಂಡು ಯುರಾಸಿಲ್ ಆಗುತ್ತದೆ. ಓದುವ ಯಂತ್ರಕ್ಕೆ ಯುರಾಸಿಲ್ ಥೈಮಿನ್‌ನಂತೆ ಕಾಣುತ್ತದೆ. ಹೀಗೆ ಮೂಲದಲ್ಲಿ ಇಲ್ಲದ ಅಕ್ಷರವೊಂದು ಪಾಠದೊಳಗೆ ನುಸುಳುತ್ತದೆ. ಚಳಿ ಇದ್ದಲ್ಲಿ ಈ ಎಲ್ಲ ಕ್ರಿಯೆಗಳು ನಿಧಾನ. ಶಾಖ ಇದ್ದಲ್ಲಿ ತ್ವರಿತ.

ಕ್ವಾಗಾದ ಚರ್ಮ ಮತ್ತು ಮಮ್ಮಿಯ ಅಂಗಾಂಶ

ದಕ್ಷಿಣ ಆಫ್ರಿಕದಲ್ಲಿ ಕ್ವಾಗಾ ಎಂಬ ಪ್ರಾಣಿಯಿತ್ತು. ಅದರ ಮುಂಭಾಗದಲ್ಲಿ ಜೀಬ್ರಾದ ಪಟ್ಟೆಗಳು, ಹಿಂಭಾಗದಲ್ಲಿ ಕುದುರೆಯಂತೆ ಪಟ್ಟೆಯಿಲ್ಲದ ಕಂದು ಬಣ್ಣ. ಬೇಟೆಯಿಂದ ಅದು ನಾಶವಾಯಿತು. ಕೊನೆಯ ಕ್ವಾಗಾ 1883ರ ಆಗಸ್ಟ್‌ನಲ್ಲಿ ಆಮ್‌ಸ್ಟರ್‌ಡಾಮ್‌ನ ಮೃಗಾಲಯದಲ್ಲಿ ಸತ್ತಿತು. ಕೇಪ್‌ಟೌನಿನ ವಸ್ತುಸಂಗ್ರಹಾಲಯದಲ್ಲಿ ಪ್ರಾಣಿಗಳ ಚರ್ಮ ತುಂಬುವ ಕೆಲಸ ಮಾಡುತ್ತಿದ್ದ ರೈನ್‌ಹೋಲ್ಡ್ ರಾವ್ ಎಂಬುವರು ಹಳೆಯ ಕ್ವಾಗಾ ಚರ್ಮಗಳಿಗೆ ಅಂಟಿದ್ದ ಒಣಗಿದ ಸ್ನಾಯುವಿನ ಚೂರುಗಳನ್ನು ಎಸೆಯದೆ ಕಾಪಾಡಿದ್ದರು. ಜರ್ಮನಿಯ ಮೈಂಜ್ ನಗರದ ಸಂಗ್ರಹದಲ್ಲಿದ್ದ ಕ್ವಾಗಾ ಒಂದರ ಇಂಥ ಚೂರು ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿದ್ದ ಆಲನ್ ವಿಲ್ಸನ್ ಅವರ ಪ್ರಯೋಗಾಲಯ ತಲಪಿತು. ಅಲ್ಲಿ ರಸೆಲ್ ಹಿಗುಚಿ ಮತ್ತು ಸಂಗಡಿಗರು ಅದರಿಂದ ಡಿಎನ್‌ಎ ತೆಗೆದು, ಬ್ಯಾಕ್ಟೀರಿಯಾದಲ್ಲಿ ಪ್ರತಿಮಾಡಿ ಓದಿದರು. 1984ರಲ್ಲಿ ಪ್ರಕಟವಾದ ಆ ಫಲಿತಾಂಶ ಎರಡು ತುಣುಕುಗಳದ್ದು, ಒಟ್ಟು 229 ಅಕ್ಷರ. ಕ್ವಾಗಾ ಕುದುರೆಗಿಂತ ಜೀಬ್ರಾಕ್ಕೆ ಹತ್ತಿರವೆಂದು ಹೇಳಲು ಅಷ್ಟು ಸಾಕಾಯಿತು. ಅಳಿದುಹೋದ ಪ್ರಾಣಿಯೊಂದರ ಡಿಎನ್‌ಎಯನ್ನು ಓದಿದ ಮೊದಲ ಸಂದರ್ಭವದು.

ಅದೇ ಕಾಲದಲ್ಲಿ ಸ್ವೀಡನ್ನಿನ ಉಪ್ಸಾಲಾದಲ್ಲಿ ಸ್ವಾಂತೆ ಪಾಬೊ ಎಂಬ ಯುವಕ ವೈರಾಣು ಕುರಿತು ಡಾಕ್ಟರೇಟ್ ಅಧ್ಯಯನ ನಡೆಸುತ್ತಿದ್ದರು. ಅದಕ್ಕೂ ಮೊದಲು ಅವರು ಈಜಿಪ್ಟಿನ ಪ್ರಾಚೀನ ಸಂಸ್ಕೃತಿಯನ್ನು ಅಭ್ಯಾಸ ಮಾಡಿದ್ದವರು. ಮಮ್ಮಿಗಳಲ್ಲಿ ಡಿಎನ್‌ಎ ಉಳಿದಿರಬಹುದೇ ಎಂಬ ಪ್ರಶ್ನೆ ಅವರನ್ನು ಬಿಡಲಿಲ್ಲ. ಮಾರ್ಗದರ್ಶಕರಿಗೆ ತಿಳಿಸದೆ, ಅಂಗಡಿಯಿಂದ ತಂದ ಕರುವಿನ ಯಕೃತ್ತನ್ನು ಪ್ರಯೋಗಾಲಯದ ಒಲೆಯಲ್ಲಿಟ್ಟು ಒಣಗಿಸಿ, ಒಣಗಿದ ಅಂಗಾಂಶದಲ್ಲಿ ಡಿಎನ್‌ಎ ಉಳಿಯುತ್ತದೆಯೇ ಎಂದು ಮೊದಲು ಪರೀಕ್ಷಿಸಿದರು. ಅನಂತರ 23 ಮಮ್ಮಿಗಳ ಅಂಗಾಂಶವನ್ನು ಶೋಧಿಸಿ, ಸುಮಾರು 2400 ವರ್ಷ ಹಿಂದಿನ ಒಂದು ಮಗುವಿನ ಮಮ್ಮಿಯಿಂದ 3400 ಅಕ್ಷರಗಳಷ್ಟು ಉದ್ದದ ತುಣುಕನ್ನು ಪಡೆದುದಾಗಿ 1985ರಲ್ಲಿ ಪ್ರಕಟಿಸಿದರು. ಅದು ದೊಡ್ಡ ಸುದ್ದಿಯಾಯಿತು.

ಈ ಎರಡು ಫಲಿತಾಂಶಗಳನ್ನು ಈಗ ಹೋಲಿಸಿದರೆ ವಿಚಿತ್ರವೊಂದು ಕಾಣುತ್ತದೆ. ನೂರಕ್ಕಿಂತ ಸ್ವಲ್ಪ ಹೆಚ್ಚು ವರ್ಷಗಳ ಚರ್ಮ ಕೊಟ್ಟದ್ದು ಚಿಕ್ಕ ತುಣುಕುಗಳನ್ನು. ಎರಡು ಸಾವಿರ ವರ್ಷ ದಾಟಿದ, ಬಿಸಿ ನಾಡಿನ ದೇಹ ಕೊಟ್ಟದ್ದು ಉದ್ದನೆಯ, ಹಾನಿಯಿಲ್ಲದ ಎಳೆಯನ್ನು. ಮಮ್ಮಿಯಿಂದ ಬಂದ ಆ ಉದ್ದನೆಯ ತುಣುಕು ಬಹುಪಾಲು ಆಧುನಿಕ ಮನುಷ್ಯರಿಂದ ಸೇರಿದ ಕಲಬೆರಕೆಯೇ ಇರಬೇಕೆಂದು ಪಾಬೊ ಅವರೇ ಮುಂದೆ ಒಪ್ಪಿಕೊಂಡರು. ಅಂದು ಸುಸ್ಥಿತಿಯನ್ನು ಸಾಧನೆಯೆಂದು ಎಣಿಸಲಾಗಿತ್ತು. ಸಂಶಯಕ್ಕೆ ಕಾರಣವಾಗಬೇಕಾಗಿದ್ದುದು ಆ ಸುಸ್ಥಿತಿಯೇ.

ಕೋಟಿ ವರ್ಷಗಳ ಭ್ರಮೆ

1983ರಲ್ಲಿ ಕ್ಯಾರಿ ಮುಲ್ಲಿಸ್ ರೂಪಿಸಿದ ಪಿಸಿಆರ್ ತಂತ್ರ ಈ ಕ್ಷೇತ್ರದ ದಿಕ್ಕನ್ನು ಬದಲಿಸಿತು. ಒಂದೇ ತುಣುಕಿನಿಂದ ಕೆಲವೇ ಗಂಟೆಗಳಲ್ಲಿ ಕೋಟ್ಯಂತರ ಪ್ರತಿಗಳನ್ನು ಮಾಡಬಲ್ಲ ವಿಧಾನವದು. 1988ರಲ್ಲಿ ಪಾಬೊ ಮತ್ತು ವಿಲ್ಸನ್ ಅದೇ ತಂತ್ರದಿಂದ ಕ್ವಾಗಾದ ಪಾಠವನ್ನು ಮತ್ತೆ ಓದಿ, ಹಿಂದಿನ ಓದಿನಲ್ಲಿದ್ದ ಎರಡು ಅಕ್ಷರಗಳು ಮೂಲದವಲ್ಲ, ಪ್ರತಿಮಾಡುವಾಗ ಸೇರಿದವು ಎಂದು ತಿದ್ದಿದರು.

ಆದರೆ ಪಿಸಿಆರ್ ಯಾವ ತುಣುಕನ್ನು ಪ್ರತಿಮಾಡಬೇಕೆಂದು ವಿವೇಚಿಸುವುದಿಲ್ಲ. ಹಳೆಯ ಮೂಳೆಯ ಜೀರ್ಣ ಚೂರುಗಳ ನಡುವೆ ಸಂಶೋಧಕನ ಉಸಿರಿನಿಂದಲೋ ಬೆರಳಿನಿಂದಲೋ ಬಿದ್ದ ಒಂದು ಹೊಸ ತುಣುಕಿದ್ದರೆ ಅದನ್ನೇ ಹೆಚ್ಚು ಸುಲಭವಾಗಿ ಹಿಡಿಯುತ್ತದೆ. ಏಕೆಂದರೆ ಹೊಸದರಲ್ಲಿ ಹಾನಿಯಿಲ್ಲ. ಈ ಅಪಾಯ ಮನದಟ್ಟಾಗುವ ಮೊದಲೇ ಸ್ಪರ್ಧೆ ಆರಂಭವಾಗಿತ್ತು. 1990ರಲ್ಲಿ ಅಮೆರಿಕದ ಐಡಹೊ ಪ್ರಾಂತ್ಯದ ಕ್ಲಾರ್ಕಿಯಾದಲ್ಲಿ ದೊರೆತ, ಒಂದೂವರೆ ಕೋಟಿ ವರ್ಷಕ್ಕೂ ಹಿಂದಿನ ಮ್ಯಾಗ್ನೋಲಿಯಾ ಎಲೆಯ ಡಿಎನ್‌ಎ ಪ್ರಕಟವಾಯಿತು. ಮುಂದಿನ ಎರಡು ಮೂರು ವರ್ಷಗಳಲ್ಲಿ ಆಂಬರ್ ಎಂಬ ಮರದ ಅಂಟಿನ ಶಿಲೆಯಲ್ಲಿ ಸಿಕ್ಕಿಕೊಂಡಿದ್ದ ಗೆದ್ದಲು, ಜೇನುನೊಣ, ಮೂತಿಹುಳುಗಳ ಡಿಎನ್‌ಎ ಓದಿದುದಾಗಿ ವರದಿಗಳು ಬಂದವು. ಮೂತಿಹುಳುವಿನ ವಯಸ್ಸು 12 ಕೋಟಿ ವರ್ಷಕ್ಕೂ ಹೆಚ್ಚು. ಆ ವರದಿ ಬಂದ 1993ರಲ್ಲಿಯೇ, ಆಂಬರ್‌ನೊಳಗಿನ ಸೊಳ್ಳೆಯಿಂದ ಡೈನೊಸಾರ್‌ಗಳನ್ನು ಮರಳಿ ಹುಟ್ಟಿಸುವ ಕಥೆಯ ‘ಜುರಾಸಿಕ್ ಪಾರ್ಕ್’ ಚಲನಚಿತ್ರವೂ ಬಿಡುಗಡೆಯಾಯಿತು. ವಿಜ್ಞಾನ ಮತ್ತು ಕಲ್ಪನೆಗಳ ನಡುವಣ ಗಡಿ ಜನರ ಕಣ್ಣಿಗೆ ಮಸುಕಾಯಿತು.

1994ರಲ್ಲಿ ಈ ಭ್ರಮೆ ತುದಿ ಮುಟ್ಟಿತು. ಯೂಟಾ ಪ್ರಾಂತ್ಯದ ಕಲ್ಲಿದ್ದಲ ಗಣಿಯಲ್ಲಿ ದೊರೆತ, 8 ಕೋಟಿ ವರ್ಷ ಹಿಂದಿನ ಮೂಳೆಚೂರುಗಳಿಂದ ಡಿಎನ್‌ಎ ಪಡೆದುದಾಗಿ ಸ್ಕಾಟ್ ವುಡ್‌ವರ್ಡ್ ಮತ್ತು ಸಂಗಡಿಗರು ಪ್ರಕಟಿಸಿದರು. ಅದು ಡೈನೊಸಾರ್‌ನದೇ ಇರಬಹುದೆಂಬ ಸೂಚನೆಯಿತ್ತು. ಆದರೆ ಆ ಪಾಠ ಡೈನೊಸಾರ್‌ಗಳ ಸಂಬಂಧಿಗಳಾದ ಹಕ್ಕಿಗಳಿಗೂ ಮೊಸಳೆಗಳಿಗೂ ಹತ್ತಿರವಿರಲಿಲ್ಲ. 1995ರಲ್ಲಿ ಅದರ ಒಗಟು ಬಿಡಿಸಿತು. ಮನುಷ್ಯರ ಮೈಟೊಕಾಂಡ್ರಿಯಾದ ಕೆಲವು ಭಾಗಗಳು ಬಹು ಹಿಂದೆಯೇ ಕೋಶಕೇಂದ್ರದ ಜೀನೋಮಿಗೆ ಪ್ರತಿಯಾಗಿ ಸೇರಿಕೊಂಡು, ಅಲ್ಲಿ ತಮ್ಮದೇ ರೀತಿಯಲ್ಲಿ ಬದಲಾಗಿವೆ. ಮನುಷ್ಯನ ಡಿಎನ್‌ಎಯಲ್ಲಿ ಹುಡುಕಿದಾಗ ‘ಡೈನೊಸಾರ್’ ಪಾಠವನ್ನು ಹೋಲುವ ಸರಣಿಗಳು ಅಲ್ಲಿಯೇ ಸಿಕ್ಕವು. 8 ಕೋಟಿ ವರ್ಷಗಳ ಹಿಂದಿನ ಪ್ರಾಣಿಯನ್ನು ಹುಡುಕಹೊರಟವರಿಗೆ ದೊರೆತದ್ದು ಮನುಷ್ಯನದೇ ಪಾಠ. ಆಂಬರ್ ಕೀಟಗಳ ಫಲಿತಾಂಶವನ್ನು ಮತ್ತೆ ಪಡೆಯಲು ಲಂಡನ್ನಿನ ನೈಸರ್ಗಿಕ ಇತಿಹಾಸ ಸಂಗ್ರಹಾಲಯದಲ್ಲಿ ನಡೆದ ಪ್ರಯತ್ನ 1997ರಲ್ಲಿ ಬರಿಗೈಯಲ್ಲಿ ಮುಗಿಯಿತು.

ಇಲ್ಲಿ ಯಾರೂ ಮೋಸಮಾಡಬೇಕೆಂದು ಹೊರಟಿರಲಿಲ್ಲ. ಉತ್ಸಾಹ ಪ್ರಮಾಣಕ್ಕಿಂತ ಮುಂದೆ ನಡೆದದ್ದೇ ದೋಷ. ಡಿಎನ್‌ಎ ನೀರಿನಲ್ಲಿ ಎಷ್ಟು ಅಸ್ಥಿರವೆಂಬುದನ್ನು 1993ರಲ್ಲಿಯೇ ಲಿಂಡಾಲ್ ವಿವರವಾಗಿ ಬರೆದು, ಕೋಟಿ ವರ್ಷಗಳ ಮಾತು ರಸಾಯನಶಾಸ್ತ್ರಕ್ಕೆ ಹೊಂದುವುದಿಲ್ಲವೆಂದು ಎಚ್ಚರಿಸಿದ್ದರು. ಬಹುಕಾಲದ ಮೇಲೆ, 2012ರಲ್ಲಿ, ನ್ಯೂಜಿಲೆಂಡಿನ ಅಳಿದುಹೋದ ಮೋವಾ ಪಕ್ಷಿಯ 158 ಮೂಳೆಗಳ ಅಧ್ಯಯನ ಆ ಎಚ್ಚರಿಕೆಗೆ ಅಂಕಿಯನ್ನೂ ಒದಗಿಸಿತು. ಸುಮಾರು 13 ಡಿಗ್ರಿ ಉಷ್ಣತೆಯಲ್ಲಿ, 242 ಅಕ್ಷರಗಳ ಉದ್ದದ ತುಣುಕುಗಳಲ್ಲಿ ಅರ್ಧಭಾಗ 521 ವರ್ಷಗಳಲ್ಲಿ ನಾಶವಾಗುತ್ತದೆ ಎಂಬುದು ಅದರ ಲೆಕ್ಕ.

ನಿಯಾಂಡರ್ ಕಣಿವೆಯ ತೋಳಮೂಳೆ

1856ರಲ್ಲಿ ಜರ್ಮನಿಯ ನಿಯಾಂಡರ್ ಕಣಿವೆಯ ಸುಣ್ಣಕಲ್ಲಿನ ಗಣಿಯಲ್ಲಿ ಕಾರ್ಮಿಕರಿಗೆ ದೊರೆತ ಮೂಳೆಗಳಿಂದ ನಿಯಾಂಡರ್ತಾಲ್ ಮಾನವನಿಗೆ ಹೆಸರು ಬಂದಿತು. ಆ ಮೂಳೆಗಳು ಬಾನ್ ನಗರದ ಸಂಗ್ರಹಾಲಯದಲ್ಲಿದ್ದವು. ಅವುಗಳಲ್ಲಿ ಬಲತೋಳಿನ ಮೂಳೆಯಿಂದ 3.5 ಗ್ರಾಂ ಕತ್ತರಿಸಲು 1990ರ ದಶಕದಲ್ಲಿ ಅನುಮತಿ ದೊರೆಯಿತು. ಆಗ ಮ್ಯೂನಿಕ್‌ನಲ್ಲಿದ್ದ ಪಾಬೊ ಅವರ ತಂಡದಲ್ಲಿ ಮತಿಯಾಸ್ ಕ್ರಿಂಗ್ಸ್ ಎಂಬ ವಿದ್ಯಾರ್ಥಿ ಅದರ ಸಣ್ಣ ಭಾಗವನ್ನು ಪುಡಿಮಾಡಿ ಮೈಟೊಕಾಂಡ್ರಿಯಾದ ಡಿಎನ್‌ಎಯನ್ನು ಓದತೊಡಗಿದರು.

ಈ ಬಾರಿ ವಿಧಾನವೇ ಬೇರೆ. ಉದ್ದನೆಯ ತುಣುಕನ್ನು ಅಪೇಕ್ಷಿಸಲಿಲ್ಲ. ಒಂದರ ಮೇಲೊಂದು ಹಾಸಿಕೊಂಡಿರುವ ಚಿಕ್ಕ ಚಿಕ್ಕ ತುಣುಕುಗಳನ್ನು ಓದಿ, ಪ್ರತಿಯೊಂದನ್ನೂ ಹಲವು ಬಾರಿ ಪ್ರತಿಮಾಡಿ, ಎಲ್ಲ ಪ್ರತಿಗಳಲ್ಲಿಯೂ ಸಮಾನವಾಗಿ ಕಂಡ ಅಕ್ಷರವನ್ನು ಮಾತ್ರ ಸ್ವೀಕರಿಸಲಾಯಿತು. ಪಾಠಾಂತರಗಳನ್ನು ತೂಗಿ ನೋಡುವ ಸಂಪಾದಕನ ಕ್ರಮವೇ ಇದು. ಮೂಳೆಯ ಇನ್ನೊಂದು ಚೂರನ್ನು ಅಮೆರಿಕದ ಪೆನ್ಸಿಲ್ವೇನಿಯದಲ್ಲಿದ್ದ ಬೇರೊಂದು ಪ್ರಯೋಗಾಲಯಕ್ಕೆ ಕಳಿಸಿ ಅಲ್ಲಿಯೂ ಓದಿಸಲಾಯಿತು. ಎರಡೂ ಕಡೆ ಅದೇ ಪಾಠ ಬಂದ ಮೇಲೆಯೇ 1997ರ ಜುಲೈನಲ್ಲಿ ಪ್ರಕಟಣೆ. ದೊರೆತದ್ದು 379 ಅಕ್ಷರ. ಆ ಭಾಗದಲ್ಲಿ ಇಂದಿನ ಇಬ್ಬರು ಮನುಷ್ಯರ ನಡುವೆ ಸರಾಸರಿ 8 ಅಕ್ಷರಗಳ ವ್ಯತ್ಯಾಸ ಕಂಡರೆ, ನಿಯಾಂಡರ್ತಾಲ್ ಮತ್ತು ಮನುಷ್ಯರ ನಡುವೆ ಸರಾಸರಿ 27.

2000ದಲ್ಲಿ ಆಲನ್ ಕೂಪರ್ ಮತ್ತು ಹೆಂಡ್ರಿಕ್ ಪೋಯ್ನರ್ ಈ ಅನುಭವದಿಂದ ಹೊರಟ ನಿಯಮಗಳನ್ನು ಪಟ್ಟಿಮಾಡಿದರು. ಪ್ರತ್ಯೇಕ ಸ್ವಚ್ಛ ಕೊಠಡಿ, ಖಾಲಿ ಪ್ರಯೋಗಗಳ ಹೋಲಿಕೆ, ಮತ್ತೊಂದು ಪ್ರಯೋಗಾಲಯದಲ್ಲಿ ಪುನರಾವರ್ತನೆ ಮುಂತಾದವು ಅದರಲ್ಲಿದ್ದವು. ಸರಿಯಾಗಿ ಮಾಡಿ, ಇಲ್ಲವೇ ಮಾಡಲೇಬೇಡಿ ಎಂಬುದು ಅವರ ಬರಹದ ಸಾರ. ಆದರೆ ಬಾಹ್ಯ ಶಿಸ್ತು ಎಷ್ಟೇ ಇದ್ದರೂ ಒಂದು ಪ್ರಶ್ನೆ ಉಳಿಯಿತು. ಮೂಳೆಯನ್ನು ಅಗೆದವರು, ತೊಳೆದವರು, ಶತಮಾನದುದ್ದಕ್ಕೂ ಕೈಯಲ್ಲಿ ಹಿಡಿದು ಅಳೆದವರು ಪ್ರಯೋಗಾಲಯದ ನಿಯಮಕ್ಕೆ ಒಳಪಟ್ಟವರಲ್ಲ. ಅವರ ಡಿಎನ್‌ಎ ಮೂಳೆಯೊಳಗೇ ಇಳಿದಿದ್ದರೆ ಅದನ್ನು ಬೇರ್ಪಡಿಸುವುದು ಹೇಗೆ?

ಸವಕಳಿಯ ಲಕ್ಷಣ

ಈ ಪ್ರಶ್ನೆಗೆ ಉತ್ತರ ಹೊಸ ಬಗೆಯ ಓದುಯಂತ್ರಗಳಿಂದ ಬಂದಿತು. ಆಯ್ದ ತುಣುಕನ್ನು ಮಾತ್ರ ಓದುವ ಬದಲು ಮೂಳೆಯಲ್ಲಿರುವ ಲಕ್ಷಾಂತರ ತುಣುಕುಗಳನ್ನು ಏಕಕಾಲದಲ್ಲಿ, ಮೊದಲಿನಿಂದ ಕೊನೆಯವರೆಗೆ ಓದುವ ಸಾಮರ್ಥ್ಯ 2005ರ ಸುಮಾರಿಗೆ ದೊರೆಯಿತು. ಈ ಯಂತ್ರಗಳಿಗೆ ಉದ್ದನೆಯ ತುಣುಕು ಬೇಕಾಗಿಯೇ ಇರಲಿಲ್ಲ. ಅವು ಓದುತ್ತಿದ್ದುದೇ ಚಿಕ್ಕ ಚೂರುಗಳನ್ನು. ಜೀರ್ಣ ಡಿಎನ್‌ಎಯ ದೌರ್ಬಲ್ಯ ಯಂತ್ರದ ಸ್ವಭಾವಕ್ಕೆ ಸರಿಹೊಂದಿತು.

ತುಣುಕಿನ ತುದಿಗಳನ್ನು ಮೊದಲ ಬಾರಿಗೆ ಸ್ಪಷ್ಟವಾಗಿ ಕಾಣಲು ಸಾಧ್ಯವಾದಾಗ 2007ರಲ್ಲಿ ಲೈಪ್‌ಜಿಗ್‌ನ ತಂಡಕ್ಕೆ ಒಂದು ವಿನ್ಯಾಸ ಕಾಣಿಸಿತು. ಎಳೆಗಳು ತುಂಡಾಗಿರುವ ಜಾಗದ ಹಿಂದೆಯೇ ಅಡೆನಿನ್, ಗ್ವಾನಿನ್‌ಗಳು ಇರುವುದು ವಾಡಿಕೆಗಿಂತ ಹೆಚ್ಚು. ಸೈಟೊಸಿನ್ ಥೈಮಿನ್ ಆಗಿ ಕಾಣುವ ಬದಲಾವಣೆ ತುಣುಕಿನ ನಡುವೆ ವಿರಳ, ತುದಿಯ ಕಡೆಗೆ ಹೋದಂತೆ ಅಧಿಕ. ಇದಕ್ಕೆ ಕಾರಣ ಸರಳ. ಒಡೆದ ತುದಿಗಳಲ್ಲಿ ಎರಡು ಎಳೆಗಳಲ್ಲಿ ಒಂದು ಮಾತ್ರ ಉಳಿದು ಹೊರಚಾಚಿರುತ್ತದೆ, ಜೊತೆಗಾರ ಎಳೆಯ ರಕ್ಷಣೆಯಿಲ್ಲದ ಆ ಸೈಟೊಸಿನ್ ಬೇಗ ಕೆಡುತ್ತದೆ. ನಿನ್ನೆ ಮೊನ್ನೆ ಬಿದ್ದ ಮನುಷ್ಯನ ಡಿಎನ್‌ಎಯಲ್ಲಿ ಈ ವಿನ್ಯಾಸವಿರದು. ಅದನ್ನು ಉಂಟುಮಾಡುವುದು ದೀರ್ಘ ಕಾಲವೊಂದೇ.

ಹಿಂದೆ ಓದಿನ ದೋಷವೆಂದು ತಿದ್ದಿಹಾಕಬೇಕಾಗಿದ್ದ ಅಕ್ಷರ ಹೀಗೆ ಕಾಲದ ಸಹಿಯಾಯಿತು. ಹಸ್ತಪ್ರತಿಗಳ ವಿಷಯದಲ್ಲಿಯೂ ಇಂಥದೇ ಅನುಭವವಿದೆ. ಎರಡು ಪ್ರತಿಗಳು ಒಂದೇ ಮೂಲದಿಂದ ಇಳಿದವೆಂದು ಹೇಳಲು ಅವೆರಡರಲ್ಲಿಯೂ ಇರುವ ಶುದ್ಧ ಪಾಠಗಳಿಗಿಂತ ಸಮಾನವಾದ ಸ್ಖಾಲಿತ್ಯಗಳೇ ಬಲವಾದ ಪ್ರಮಾಣ.

ಈ ಅರಿವು ಬಂದ ಕಾಲದಲ್ಲಿಯೇ ಅದರ ಅಗತ್ಯವೂ ತಿಳಿಯಿತು. 2006ರಲ್ಲಿ ಕ್ರೊಯೇಷಿಯಾದ ವಿಂಡಿಯಾ ಗುಹೆಯ ಮೂಳೆಯಿಂದ ನಿಯಾಂಡರ್ತಾಲ್ ಜೀನೋಮಿನ ಸುಮಾರು 10 ಲಕ್ಷ ಅಕ್ಷರಗಳು ಪ್ರಕಟವಾಗಿದ್ದವು. ಮರುವರ್ಷ ಜೆಫ್ರಿ ವಾಲ್ ಮತ್ತು ಸುಂಗ್ ಕಿಮ್ ಆ ದತ್ತಾಂಶವನ್ನು ಪರಿಶೀಲಿಸಿ, ಅದರಲ್ಲಿನ ಉದ್ದನೆಯ ತುಣುಕುಗಳು ಚಿಕ್ಕವುಗಳಿಗಿಂತ ಆಧುನಿಕ ಮನುಷ್ಯನನ್ನು ಹೆಚ್ಚು ಹೋಲುತ್ತವೆ ಎಂದು ತೋರಿಸಿದರು. ಉದ್ದನೆಯವುಗಳಲ್ಲಿ ಹಲವು ಕಲಬೆರಕೆ ಎಂಬುದೇ ಇದರ ಅರ್ಥ. ತಂಡ ವಿಧಾನವನ್ನು ಬಿಗಿಗೊಳಿಸಿತು. ತುಣುಕುಗಳು ಸ್ವಚ್ಛ ಕೊಠಡಿಯಿಂದ ಹೊರಹೋಗುವ ಮೊದಲೇ ಅವುಗಳಿಗೆ ಗುರುತಿನ ಅಕ್ಷರಗಳನ್ನು ಜೋಡಿಸುವ ಪದ್ಧತಿ ಬಂದಿತು. ಗುರುತಿಲ್ಲದ ತುಣುಕು ಹೊರಗಿನದೆಂದು ತಿರಸ್ಕೃತ. ಮೂಳೆಯಲ್ಲಿನ ಡಿಎನ್‌ಎಯ ಬಹುಪಾಲು ಮಣ್ಣಿನ ಬ್ಯಾಕ್ಟೀರಿಯಾದ್ದೇ ಆಗಿದ್ದರೂ, 2010ರ ಮೇ ತಿಂಗಳಲ್ಲಿ 400 ಕೋಟಿ ಅಕ್ಷರಗಳಷ್ಟು ಓದಿನಿಂದ ನಿಯಾಂಡರ್ತಾಲ್ ಜೀನೋಮಿನ ಕರಡು ಪ್ರಕಟವಾಯಿತು. ಆಫ್ರಿಕದ ಹೊರಗಿನ ಇಂದಿನ ಜನರ ಜೀನೋಮಿನಲ್ಲಿ ಶೇಕಡ 1ರಿಂದ 4ರಷ್ಟು ನಿಯಾಂಡರ್ತಾಲ್‌ಗಳಿಂದ ಬಂದುದೆಂದು ಅದು ತಿಳಿಸಿತು. ಸೈಬೀರಿಯದ ಡೆನಿಸೋವಾ ಗುಹೆಯಲ್ಲಿ ದೊರೆತ ಕಿರುಬೆರಳಿನ ಚೂರೊಂದು ಅದೇ ವರ್ಷ, ಅದುವರೆಗೆ ಯಾರಿಗೂ ತಿಳಿದಿರದ ಮತ್ತೊಂದು ಮಾನವಗುಂಪನ್ನು ಪರಿಚಯಿಸಿತು. ಎರಡು ಎಳೆಗಳನ್ನು ಬಿಡಿಸಿ ಒಂದೊಂದನ್ನೇ ಹಿಡಿದಿಡುವ ಹೊಸ ವಿಧಾನವನ್ನು ಮತಿಯಾಸ್ ಮೇಯರ್ ರೂಪಿಸಿದ ಮೇಲೆ, 2012ರಲ್ಲಿ ಆ ಬೆರಳಿನ ಜೀನೋಮಿನ ಪ್ರತಿ ಅಕ್ಷರವನ್ನೂ ಸರಾಸರಿ 30 ಬಾರಿ ಓದಲಾಯಿತು.

ಸವಕಳಿಯ ಸಾಕ್ಷ್ಯವನ್ನು ಅತ್ಯಂತ ಕಟ್ಟುನಿಟ್ಟಾಗಿ ಬಳಸಿದ ನಿದರ್ಶನ ಸ್ಪೇನಿನದು. ಅಟಪುಎರ್ಕಾದ ಸೀಮಾ ದೆ ಲೋಸ್ ಉಎಸೋಸ್ ಎಂಬ ಗುಹೆಯ ತಳದಲ್ಲಿ 4 ಲಕ್ಷ ವರ್ಷಗಳಿಗೂ ಹಿಂದಿನ ಮಾನವರ ಅವಶೇಷಗಳಿವೆ. ಅವುಗಳಲ್ಲಿ ಉಳಿದಿದ್ದ ಅತ್ಯಲ್ಪ ಡಿಎನ್‌ಎ ಕಲಬೆರಕೆಯ ರಾಶಿಯಲ್ಲಿ ಮುಳುಗಿತ್ತು. ತುದಿಯಲ್ಲಿ ಸೈಟೊಸಿನ್ ಕೆಟ್ಟಿರುವ ತುಣುಕುಗಳನ್ನು ಮಾತ್ರ ಆರಿಸಿ, ಹಾನಿಯ ಗುರುತಿಲ್ಲದ ಎಲ್ಲವನ್ನೂ ಬಿಟ್ಟು ಓದಿದಾಗ 2016ರಲ್ಲಿ ಆ ಜನರು ನಿಯಾಂಡರ್ತಾಲ್ ಶಾಖೆಗೆ ಸೇರಿದವರೆಂದು ನಿರ್ಧರಿಸಲು ಸಾಧ್ಯವಾಯಿತು. ಈ ಸಾಧನೆಗಳ ಮುಂದಾಳಾದ ಪಾಬೊ ಅವರಿಗೆ 2022ರಲ್ಲಿ ವೈದ್ಯಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂದಿತು. ಮಮ್ಮಿಯ ತುಣುಕನ್ನು ನಂಬಿ ಆರಂಭಿಸಿದವರೇ ಆ ನಂಬಿಕೆಯನ್ನು ಪರೀಕ್ಷಿಸುವ ಒರೆಗಲ್ಲನ್ನೂ ನಿರ್ಮಿಸಿದರೆಂಬುದು ಸ್ಮರಣೀಯ.

ಭಾರತದ ಬಿಸಿನೆಲ

ಚಳಿಯ ನಾಡಿನ ಗುಹೆಗಳು ಕೊಟ್ಟಷ್ಟನ್ನು ಭಾರತದ ನೆಲ ಕೊಡಲಾರದು. ಶಾಖ, ಮಳೆಗಾಲದ ತೇವ, ಮತ್ತೆ ಶಾಖ ಎಂಬ ಚಕ್ರ ಡಿಎನ್‌ಎಯನ್ನು ಬೇಗ ಚೂರುಗೊಳಿಸುತ್ತದೆ. ಹಿಮಾಲಯದ ರೂಪಕುಂಡ ಇದಕ್ಕೆ ಅಪವಾದ. ಐದು ಸಾವಿರ ಮೀಟರ್‌ಗೂ ಎತ್ತರದ ಆ ಸರೋವರದ ದಂಡೆಯ ಅಸ್ಥಿಪಂಜರಗಳ ಪೈಕಿ 38 ಮಂದಿಯ ಡಿಎನ್‌ಎಯನ್ನು ಓದಿ 2019ರಲ್ಲಿ ಪ್ರಕಟಿಸಲಾಯಿತು. ಒಂದೇ ದುರಂತದಲ್ಲಿ ಮಡಿದ ಒಂದೇ ತಂಡವೆಂಬ ಊಹೆ ಅಲ್ಲಿಗೆ ಬಿದ್ದುಹೋಯಿತು. 23 ಮಂದಿ ದಕ್ಷಿಣ ಏಷ್ಯದ ವಂಶದವರು, ಅವರ ಕಾಲ ಕ್ರಿ.ಶ. 800ರ ಸುಮಾರು; 14 ಮಂದಿ ಪೂರ್ವ ಮೆಡಿಟರೇನಿಯನ್ ವಂಶದವರು, ಒಬ್ಬರು ಆಗ್ನೇಯ ಏಷ್ಯದವರು, ಇವರ ಕಾಲ ಸುಮಾರು ಸಾವಿರ ವರ್ಷ ಈಚಿನದು.

ಬಯಲುನಾಡಿನ ಕಥೆ ಬೇರೆ. ಹರಿಯಾಣದ ಹಿಸಾರ್ ಜಿಲ್ಲೆಯ ರಾಖಿಗಢಿ ಹರಪ್ಪ ಸಂಸ್ಕೃತಿಯ ಬಹುದೊಡ್ಡ ನೆಲೆಗಳಲ್ಲಿ ಒಂದು. ಪುಣೆಯ ಡೆಕ್ಕನ್ ಕಾಲೇಜಿನ ವಸಂತ ಶಿಂದೆ ಅವರ ನೇತೃತ್ವದ ಉತ್ಖನನದಲ್ಲಿ ಅಲ್ಲಿನ ಸಮಾಧಿಗಳಿಂದ ಮೂಳೆಗಳು ದೊರೆತವು. ಲಖನೌದ ಬೀರಬಲ್ ಸಾಹ್ನಿ ಸಂಸ್ಥೆಯ ನೀರಜ್ ರಾಯ್, ಹಾರ್ವರ್ಡ್‌ನ ವಾಘೀಶ್ ನರಸಿಂಹನ್, ಡೇವಿಡ್ ರೈಕ್ ಮುಂತಾದವರಿದ್ದ ತಂಡ 61 ಮಾದರಿಗಳನ್ನು ಪರೀಕ್ಷಿಸಿತು. ಫಲ ಕೊಟ್ಟದ್ದು ಒಂದೇ ಒಂದು. ಅದು ಒಬ್ಬ ಮಹಿಳೆಯದು. ಆಕೆಯ ಮೂಳೆಯಿಂದ ಮತ್ತೆ ಮತ್ತೆ ಡಿಎನ್‌ಎ ತೆಗೆದು, ಜೀನೋಮಿನ ಸುಮಾರು 12 ಲಕ್ಷ ಆಯ್ದ ಸ್ಥಾನಗಳ ತುಣುಕುಗಳನ್ನು ಗಾಳ ಹಾಕಿದಂತೆ ಹಿಡಿಯುವ ವಿಧಾನವನ್ನು ಬಳಸಿಯೂ ದೊರೆತದ್ದು ಆ ಸ್ಥಾನಗಳ ಸಣ್ಣ ಪಾಲು ಮಾತ್ರ. ತುಣುಕುಗಳ ತುದಿಯಲ್ಲಿದ್ದ ಸವಕಳಿಯ ಗುರುತೇ ಅವು ಆಕೆಯವೆಂದು ನಂಬಲು ಆಧಾರವಾಯಿತು.

2019ರ ಸೆಪ್ಟೆಂಬರ್‌ನಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಆಕೆಯಲ್ಲಿ ಇರಾನಿನ ಪ್ರಾಚೀನ ಜನರಿಗೆ ಸಂಬಂಧಿಸಿದ ಒಂದು ವಂಶಧಾರೆಯೂ ದಕ್ಷಿಣ ಏಷ್ಯದ ಪ್ರಾಚೀನ ಬೇಟೆಗಾರರ ಧಾರೆಯೂ ಬೆರೆತಿದ್ದವು. ಮಧ್ಯ ಏಷ್ಯದ ಹುಲ್ಲುಗಾವಲು ನಾಡಿನ ಧಾರೆ ಕಾಣಲಿಲ್ಲ. ತುರ್ಕ್‌ಮೆನಿಸ್ತಾನದ ಗೋನೂರ್ ಮತ್ತು ಇರಾನಿನ ಶಹ್ರ್-ಇ-ಸೋಖ್ತಾಗಳಲ್ಲಿ ದೊರೆತಿದ್ದ 11 ಮಂದಿಯ ಡಿಎನ್‌ಎ ಇದಕ್ಕೆ ಹೊಂದಿಕೊಂಡದ್ದರಿಂದ, ಹರಪ್ಪ ಜನರಲ್ಲಿ ಈ ಬಗೆಯ ವಂಶ ವ್ಯಾಪಕವಾಗಿತ್ತೆಂಬ ಊಹೆಗೆ ಬಲ ಬಂದಿತು. ಅದೇ ವೇಳೆಗೆ ಬಂದ ಮತ್ತೊಂದು ಅಧ್ಯಯನ 523 ಪ್ರಾಚೀನ ವ್ಯಕ್ತಿಗಳ ಡಿಎನ್‌ಎಯನ್ನು ಆಧರಿಸಿ, ಹುಲ್ಲುಗಾವಲಿನ ಧಾರೆ ದಕ್ಷಿಣ ಏಷ್ಯವನ್ನು ಕ್ರಿ.ಪೂ. 2000 ಮತ್ತು 1500ರ ನಡುವೆ ಸೇರಿತೆಂದು ಹೇಳಿತು.

ಈ ಫಲಿತಾಂಶಗಳು ಪ್ರಕಟವಾದೊಡನೆ ದೇಶದಲ್ಲಿ ವಾಗ್ವಾದವೆದ್ದಿತು. ಒಂದೇ ಮೂಳೆಯಿಂದ ಪರಸ್ಪರ ವಿರುದ್ಧವಾದ ನಿರ್ಣಯಗಳನ್ನು ಹೊರಡಿಸಲು ಅನೇಕರು ಮುಂದಾದರು. ಆದರೆ ಆ ಮಹಿಳೆಯ ಡಿಎನ್‌ಎ ಆಕೆಯ ಪೂರ್ವಜರ ಬಗ್ಗೆ ಹೇಳುತ್ತದೆ. ಆಕೆ ಆಡಿದ ಭಾಷೆಯನ್ನು, ಪೂಜಿಸಿದ ದೈವವನ್ನು, ತನ್ನನ್ನು ತಾನು ಕರೆದುಕೊಂಡ ಹೆಸರನ್ನು ಹೇಳುವುದಿಲ್ಲ. ಹರಪ್ಪ ಲಿಪಿಯನ್ನು ಇಂದಿಗೂ ಓದಲಾಗಿಲ್ಲ. ಒಂದೇ ತೆರನ ಆಕರಕ್ಕೆ ಅದು ಹೊರಲಾರದ ಭಾರವನ್ನು ಹೊರಿಸುವ ದೋಷ ಚರಿತ್ರೆಗೆ ಹೊಸದಲ್ಲ. ಒಂದು ಶಾಸನದ ಒಂದು ಸಾಲಿನ ಮೇಲೆ ರಾಜವಂಶಗಳ ಕಥೆಯನ್ನೇ ಕಟ್ಟಿದ ನಿದರ್ಶನಗಳು ಇವೆ. 60 ಮಾದರಿಗಳ ಮೌನವನ್ನೂ ಒಂದರ ಮಾತನ್ನೂ ಒಟ್ಟಿಗೆ ನೆನಪಿಡುವುದೇ ಇಲ್ಲಿ ಸರಿಯಾದ ಕ್ರಮ.

ಓದಿದರೆ ಕರಗುವ ಬರಹ

ಹಸ್ತಪ್ರತಿಗೂ ಮೂಳೆಗೂ ಇರುವ ಒಂದು ವ್ಯತ್ಯಾಸವನ್ನು ಮರೆಯಬಾರದು. ಓಲೆಗರಿಯನ್ನು ಎಚ್ಚರದಿಂದ ಎಷ್ಟು ಬಾರಿಯಾದರೂ ಓದಬಹುದು. ಒಬ್ಬರ ಓದು ತಪ್ಪಾದರೆ ಮುಂದಿನವರು ಅದೇ ಗರಿಯನ್ನು ಹಿಡಿದು ತಿದ್ದಬಹುದು. ಮೂಳೆಯನ್ನು ಓದಬೇಕಾದರೆ ಅದನ್ನು ಕೊರೆದು ಪುಡಿಮಾಡಬೇಕು. ಓದಿದಷ್ಟು ಭಾಗ ಇಲ್ಲವಾಗುತ್ತದೆ. ಒಳಕಿವಿಯನ್ನು ಸುತ್ತುವರಿದ ಗಟ್ಟಿಮೂಳೆಯಲ್ಲಿ ಡಿಎನ್‌ಎ ಹೆಚ್ಚು ಉಳಿದಿರುತ್ತದೆಂದು 2014ರ ಬಳಿಕ ಖಚಿತವಾದಾಗ, ಜಗತ್ತಿನಾದ್ಯಂತ ತಲೆಬುರುಡೆಗಳ ಆ ಭಾಗಕ್ಕೆ ಬೇಡಿಕೆ ಹೆಚ್ಚಿತು. ದೊರೆತ ಜ್ಞಾನ ದೊಡ್ಡದು. ಆದರೆ ಇಂದಿಗಿಂತ ಸೂಕ್ಷ್ಮವಾದ ವಿಧಾನ ನಾಳೆ ಬಂದಾಗ ಅದಕ್ಕೆ ಬೇಕಾಗುವ ಮೂಳೆ ಉಳಿದಿರಬೇಕು ಎಂಬ ಚಿಂತೆಯೂ ಅಷ್ಟೇ ದೊಡ್ಡದು. ಪಿಸಿಆರ್ ಉತ್ಸಾಹದ ಕಾಲದಲ್ಲಿ ಪುಡಿಯಾದ ಮಾದರಿಗಳನ್ನು ಇಂದಿನ ವಿಧಾನದಿಂದ ಮತ್ತೆ ಕೇಳಲು ಬರುವುದಿಲ್ಲ.

ಈ ಚಿಂತೆಗೆ ಉತ್ತರದ ಆರಂಭವೂ ಕಾಣಿಸಿದೆ. ಡೆನಿಸೋವಾ ಗುಹೆಯಲ್ಲಿ ಜಿಂಕೆಯ ಜಾತಿಯ ಪ್ರಾಣಿಯೊಂದರ ಹಲ್ಲಿಗೆ ತೂತು ಕೊರೆದು ಮಾಡಿದ ಪದಕ ದೊರೆಯಿತು. ಲೈಪ್‌ಜಿಗ್‌ನ ಸಂಶೋಧಕರು ಅದನ್ನು ಕೊರೆಯಲಿಲ್ಲ. ಫಾಸ್ಫೇಟ್ ದ್ರಾವಣದಲ್ಲಿ ಅದ್ದಿ, ಉಷ್ಣತೆಯನ್ನು ಹಂತಹಂತವಾಗಿ ಏರಿಸಿ, ಪದಕದ ರೂಪ ಕೆಡದಂತೆ ಡಿಎನ್‌ಎ ಹೊರಬಿಡುವಂತೆ ಮಾಡಿದರು. 2023ರಲ್ಲಿ ಪ್ರಕಟವಾದ ಆ ಫಲಿತಾಂಶದಲ್ಲಿ ಪ್ರಾಣಿಯ ಡಿಎನ್‌ಎಯ ಜೊತೆಗೆ ಮನುಷ್ಯರದೂ ಇತ್ತು. ಅದು ಅಗೆದವರಿಂದ ಬಂದ ಹೊಸ ಕಲಬೆರಕೆಯಲ್ಲ. ಅದರಲ್ಲಿ ಪ್ರಾಚೀನತೆಯ ಸವಕಳಿಯಿತ್ತು. ಸುಮಾರು 19 ಸಾವಿರದಿಂದ 25 ಸಾವಿರ ವರ್ಷಗಳ ಹಿಂದೆ ಆ ಪದಕವನ್ನು ಮುಟ್ಟಿದ, ಬಹುಶಃ ಧರಿಸಿದ ಒಬ್ಬ ಹೆಂಗಸಿನ ಡಿಎನ್‌ಎ ಹಲ್ಲಿನ ರಂಧ್ರಗಳಲ್ಲಿ ಇಳಿದು ಉಳಿದಿತ್ತು. ಪದಕ ಈಗಲೂ ಇಡಿಯಾಗಿದೆ.